ಬಂದಾಯ್ ಬೆಟ್ಟದ ತಪ್ಪಲಲ್ಲಿ ಒಂದೇ ಮಸೂರದೊಡನೆ

ಜಪಾನಿನ ಬಂದಾಯ್ ಪರ್ವತಕ್ಕೆ ಎರಡು ಮುಖ. ದಕ್ಷಿಣಕ್ಕೆ ಇನವಾಶಿರೊ ಸರೋವರ. ಅದರ ದಡದಿಂದ ನೋಡಿದರೆ 1816 ಮೀಟರ್ ಎತ್ತರದ ಬೆಟ್ಟ ಎರಡೂ ಭುಜ ಇಳಿಬಿಟ್ಟು ಸೌಮ್ಯವಾಗಿ ನಿಂತಿರುತ್ತದೆ. ಆ ಕಡೆಯ ಐಜು ಪ್ರಾಂತ್ಯದವರು ಅದನ್ನು ‘ಐಜು ಫುಜಿ’ ಎಂದು ಅಭಿಮಾನದಿಂದ ಕರೆಯುತ್ತಾರೆ. ಬೆಟ್ಟ ಬಳಸಿಕೊಂಡು ಉತ್ತರಕ್ಕೆ ಹೋದರೆ ಅದೇ ಬೆಟ್ಟ ಹೊಟ್ಟೆ ಸೀಳಿದಂತೆ ಬಾಯ್ತೆರೆದುಕೊಂಡಿದೆ. 1888ರ ಜುಲೈ 15ರ ಬೆಳಿಗ್ಗೆ ಒಡಲೊಳಗಿನ ಹಬೆ ಸಿಡಿದು ಉತ್ತರದ ಶಿಖರ ಇಡಿಯಾಗಿ ಕುಸಿಯಿತು. ಹಳ್ಳಿಗಳು ಮುಚ್ಚಿಹೋದವು, 477 ಜನ ಸತ್ತರು. ಉರುಳಿ ಬಂದ ಕಲ್ಲುಮಣ್ಣು ಹೊಳೆಗಳಿಗೆ ಅಡ್ಡಕಟ್ಟಿ ಹಿಬಾರಾ, ಒನೊಗಾವಾ, ಅಕಿಮೊತೊ ಎಂಬ ಸರೋವರಗಳೂ ಲೆಕ್ಕವಿಲ್ಲದಷ್ಟು ಕೊಳಗಳೂ ಹುಟ್ಟಿಕೊಂಡವು. ಇಂದು ಈ ಉತ್ತರದ ಬದಿಯಲ್ಲಿ ಪ್ರವಾಸಿಗರು ಮುಗಿಬಿದ್ದು ನೋಡುವ ನೀರೆಲ್ಲ ಆ ಒಂದು ಬೆಳಗಿನ ಫಲ.

ಬೆಟ್ಟದ ದಕ್ಷಿಣದ ತಪ್ಪಲಿನ ಬಂದಾಯ್ ಪಟ್ಟಣದಲ್ಲಿ ಒಂದು ಕಾರ್ಖಾನೆ ಇದೆ. ಸಿಗ್ಮಾ ಕಂಪನಿ ತನ್ನ ಮಸೂರಗಳನ್ನು ಅರೆದು, ಉಜ್ಜಿ, ಜೋಡಿಸುವುದು ಇಲ್ಲಿಯೇ. 1961ರಲ್ಲಿ ಮಿಚಿಹಿರೊ ಯಮಾಕಿ ಕಟ್ಟಿದ ಈ ಕಂಪನಿಯ ಮುಖ್ಯ ಕಚೇರಿ ಟೋಕಿಯೊ ಪಕ್ಕದ ಕವಾಸಾಕಿಯಲ್ಲಿದ್ದರೂ ಕೈಕೆಲಸವೆಲ್ಲ ಐಜುವಿನದು. ಗಾಜು ಉಜ್ಜುವ ಕೆಲಸಕ್ಕೆ ಬೇಕಾದ ಶುದ್ಧ ನೀರು, ದೂಳಿಲ್ಲದ ಗಾಳಿ ಎರಡನ್ನೂ ಈ ಬೆಟ್ಟ ಕೊಡುತ್ತದೆ. ನನ್ನ ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ಇಲ್ಲಿ ಹುಟ್ಟಿದ್ದು: ಸಿಗ್ಮಾ ಡಿಪಿ0 ಕ್ವಾಟ್ರೊ. 2015ರಲ್ಲಿ ಹೊರಬಂದ ಮಾದರಿ, ಈಗ ತಯಾರಾಗುವುದಿಲ್ಲ. ಟೋಕಿಯೊದ ಶಿಂಜುಕುವಿನಲ್ಲಿ ಬಳಸಿದ ಕ್ಯಾಮೆರಾ ಮಾರುವ ಅಂಗಡಿಯೊಂದರಲ್ಲಿ ಕೊಂಡೆ. ಅದನ್ನು ಅದರ ತವರಿನಲ್ಲೇ ಬಳಸಿ ನೋಡಬೇಕೆಂಬ ಆಸೆಯೇ ಈ ಪ್ರಯಾಣಕ್ಕೆ ಕಾರಣ.

ಕೋರಿಯಾಮಾವರೆಗೆ ಶಿಂಕಾನ್ಸೆನ್, ಅಲ್ಲಿಂದ ಪಶ್ಚಿಮಕ್ಕೆ ಬೆಟ್ಟ ಹತ್ತುವ ಬನ್-ಎತ್ಸು ಮಾರ್ಗದ ಸಾಮಾನ್ಯ ರೈಲು. ಅಕ್ಟೋಬರ್ ಕೊನೆ, ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಉಳಿದಿತ್ತು. ಟೋಕಿಯೊದಲ್ಲಿ ನೆಲೆಸಿರುವ ತಂಗಿ ಜೊತೆಗಿದ್ದಳು. ಕ್ಯಾಮೆರಾ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅಣ್ಣಾ, ಇದಕ್ಕೆ ಜೂಮ್ ಎಲ್ಲಿದೆ?”

“ಇಲ್ಲ.”

“ಮತ್ತೆ ಲೆನ್ಸ್ ಬದಲಾಯಿಸ್ತೀಯಾ?”

“ಅದೂ ಆಗಲ್ಲ ಕಣೇ. ಇದ್ದಿದ್ದು ಇಷ್ಟೇ. ಹತ್ತಿರ ಬೇಕು ಅಂದ್ರೆ ಹತ್ತಿರ ಹೋಗಬೇಕು.”

ಈ ‘ಇಷ್ಟೇ’ ಎಂಬುದು ಏನೆಂದು ಹೇಳಬೇಕು. ಕ್ಯಾಮೆರಾದ ಒಡಲಿಗೆ ಶಾಶ್ವತವಾಗಿ ಕೂಡಿಸಿದ 14 ಎಂಎಂ ಮಸೂರ, ಹಳೆಯ 35 ಎಂಎಂ ಫಿಲ್ಮಿನ ಲೆಕ್ಕದಲ್ಲಿ 21 ಎಂಎಂ. ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಸುಮಾರು 91 ಡಿಗ್ರಿ, ಅಂದರೆ ಲಂಬಕೋನಕ್ಕಿಂತ ಒಂದು ಕೂದಲು ಹೆಚ್ಚು ನೋಟ. ಒಳಗೆ ಹನ್ನೊಂದು ಗಾಜುಗಳು. ಇಷ್ಟು ಅಗಲ ನೋಡುವ ಮಸೂರಗಳು ಸಾಮಾನ್ಯವಾಗಿ ಅಂಚಿನ ಗೆರೆಗಳನ್ನು ಬಿಲ್ಲಿನಂತೆ ಬಗ್ಗಿಸುತ್ತವೆ. ಈ ಮಸೂರವನ್ನು ರೂಪಿಸಿದವರು ಆ ಬಾಗನ್ನು ಹೆಚ್ಚುಕಡಿಮೆ ಅಳಿಸಿಹಾಕಿದ್ದಾರೆ. ಕಟ್ಟಡದ ಚಿತ್ರ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಕಂಬ ಕಂಬವಾಗಿಯೇ, ತೊಲೆ ತೊಲೆಯಾಗಿಯೇ ಉಳಿಯುತ್ತದೆ. ಕಾಂಪ್ಯಾಕ್ಟ್ ಎಂಬ ಹೆಸರಿದ್ದರೂ ಜೇಬಿಗೆ ಹೋಗುವಂಥದ್ದಲ್ಲ. ಅಗಲಕ್ಕೆ ಹದಿನಾರು ಸೆಂಟಿಮೀಟರ್, ಉದ್ದ ಕೊಳವೆಯಂಥ ಮೂತಿ, ಹಿಡಿಕೆ ಮುಂದಕ್ಕಲ್ಲದೆ ಹಿಂದಕ್ಕೆ ಚಾಚಿದೆ. ತೂಕ ಅರ್ಧ ಕಿಲೊ. ವಿಡಿಯೊ ಇಲ್ಲ, ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಬ್ಯಾಟರಿ ಇನ್ನೂರು ಚಿತ್ರಕ್ಕೆ ಬರಿದಾಗುತ್ತದೆಂದು ಗೊತ್ತಿದ್ದೇ ಕಂಪನಿ ಪೆಟ್ಟಿಗೆಯಲ್ಲಿ ಎರಡು ಇಟ್ಟು ಕೊಡುತ್ತಿತ್ತು. ಒಂದು ಚಿತ್ರ ತೆಗೆದ ಮೇಲೆ ಅದು ಕಾರ್ಡಿಗೆ ಇಳಿಯಲು ಹಲವು ಸೆಕೆಂಡು ಕಾಯಬೇಕು.

ಇಷ್ಟೆಲ್ಲ ಕೊರತೆಯನ್ನು ಜನ ಸಹಿಸಿಕೊಳ್ಳುವುದು ಒಳಗಿನ ಸಂವೇದಕಕ್ಕಾಗಿ. ಬೇರೆ ಬಹುತೇಕ ಎಲ್ಲ ಡಿಜಿಟಲ್ ಕ್ಯಾಮೆರಾಗಳಲ್ಲಿ ಪ್ರತಿ ಚುಕ್ಕಿಯ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದೊಂದು ಸೋಸುಗಾಜು ಇರುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1970ರ ದಶಕದಲ್ಲಿ ಕಂಡುಹಿಡಿದ ವಿಧಾನ ಅದು. ಒಂದು ಚುಕ್ಕಿ ಒಂದೇ ಬಣ್ಣ ಅಳೆಯುತ್ತದೆ, ಉಳಿದೆರಡನ್ನು ನೆರೆಹೊರೆಯ ಚುಕ್ಕಿಗಳಿಂದ ಅಂದಾಜು ಮಾಡಲಾಗುತ್ತದೆ. ಇದರೊಳಗಿನ ಫೋವಿಯಾನ್ ಸಂವೇದಕದ ದಾರಿ ಬೇರೆ. ಸಿಲಿಕಾನ್ ಒಳಗೆ ನೀಲಿ ಬೆಳಕು ಮೇಲ್ಪದರದಲ್ಲೇ ಇಂಗಿಹೋಗುತ್ತದೆ, ಹಸಿರು ಇನ್ನಷ್ಟು ಇಳಿಯುತ್ತದೆ, ಕೆಂಪು ಎಲ್ಲಕ್ಕಿಂತ ಆಳ ಮುಟ್ಟುತ್ತದೆ. ಮೂರು ಪದರ ಒಂದರ ಕೆಳಗೊಂದು ಇಟ್ಟರೆ ಒಂದೇ ಜಾಗದಲ್ಲಿ ಮೂರೂ ಬಣ್ಣ ಸಿಗುತ್ತದೆ. ಸಿಲಿಕಾನ್‌ನ ಈ ಗುಣವನ್ನು ಕ್ಯಾಮೆರಾವಾಗಿಸಲು ದುಡಿದ ರಿಚರ್ಡ್ ಮೆರಿಲ್ 2008ರಲ್ಲಿ ತೀರಿಕೊಂಡರು. ಸಿಗ್ಮಾ ಅವರ ಹೆಸರನ್ನು ತನ್ನ ಕ್ಯಾಮೆರಾಗಳಿಗೇ ಇಟ್ಟಿತು. ಅದೇ 2008ರಲ್ಲಿ ಫೋವಿಯಾನ್ ಕಂಪನಿಯನ್ನೂ ಕೊಂಡುಕೊಂಡಿತು.

ರೈಲು ಇನವಾಶಿರೊ ದಾಟಿ ಬಂದಾಯ್ ಪಟ್ಟಣದ ಬಂದಾಯ್‌ಮಾಚಿ ನಿಲ್ದಾಣದಲ್ಲಿ ಅರೆಗಳಿಗೆ ನಿಂತಿತು. ಬೆಟ್ಟದ ಸೌಮ್ಯ ಮುಖ ಕಿಟಕಿ ತುಂಬ ಇತ್ತು. ಕ್ಯಾಮೆರಾ ಎತ್ತಿದೆ, ಪರದೆಯಲ್ಲಿ ಬೆಟ್ಟ ಉಗುರಿನಷ್ಟಾಯಿತು. ತಂಗಿ ನಕ್ಕಳು. ಅಗಲ ಮಸೂರದ ಮೊದಲ ನಿಯಮ ಇದು: ದೂರದ್ದನ್ನು ಅದು ಇನ್ನೂ ದೂರಕ್ಕೆ ತಳ್ಳುತ್ತದೆ. ಇಂಥ ಮಸೂರ ಹೆಚ್ಚು ತುಂಬಿಸಿಕೊಳ್ಳುವುದಕ್ಕೆ ಎಂದು ಅನೇಕರು ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಕಾಲಬುಡದಲ್ಲಿ ಏನಿದೆ ಎಂದು ನೋಡುವುದಕ್ಕೆ ಅದು ಇರುವುದು. ಹತ್ತಿರದ ವಸ್ತುವನ್ನು ಸರಿಯಾಗಿ ಆರಿಸಿಕೊಂಡವನಿಗೆ ದೂರದ್ದು ತಾನಾಗಿ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಇದರ ಪರೀಕ್ಷೆಯಾದದ್ದು ಬೆಟ್ಟದ ಹಿಂಬದಿಯ ಗೋಶಿಕಿನುಮಾ ಕೊಳಗಳಲ್ಲಿ. ಹೆಸರಿನಲ್ಲಿ ಐದು ಬಣ್ಣವಿದ್ದರೂ ಅಲ್ಲಿನ ಬಣ್ಣಗಳಿಗೆ ಲೆಕ್ಕವಿಲ್ಲ. ಕಾಡಿನೊಳಗೆ ನಾಲ್ಕು ಕಿಲೊಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಕಾಲುದಾರಿ, ಒಂದರ ಬೆನ್ನಿಗೆ ಒಂದು ಕೊಳ. ಅತಿ ದೊಡ್ಡದರ ಹೆಸರು ಬಿಶಾಮೊನ್, ಇನ್ನೊಂದು ಬೆಂತೆನ್. ಬಿಶಾಮೊನ್ ಎಂದರೆ ನಮ್ಮ ವೈಶ್ರವಣ, ಕುಬೇರ. ಬೆಂತೆನ್ ಎಂದರೆ ಸರಸ್ವತಿ. ಇಬ್ಬರೂ ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಬಂದು ಇಲ್ಲಿ ನೆಲೆಸಿದವರು. ತಂಗಿ ಸರಸ್ವತಿಯ ದಡದಲ್ಲಿ ಚಪ್ಪಲಿ ಬಿಡುವವಳಂತೆ ಒಂದು ಕ್ಷಣ ನಿಂತಳು.

ಬಣ್ಣದ ಗುಟ್ಟು ಜ್ವಾಲಾಮುಖಿಯದೇ. ಬೆಟ್ಟದೊಳಗಿಂದ ಬರುವ ಆಮ್ಲೀಯ ನೀರಿನಲ್ಲಿ ಅಲ್ಯೂಮಿನಿಯಂ ಮತ್ತು ಸಿಲಿಕಾದ ಅತಿ ಸೂಕ್ಷ್ಮ ಕಣಗಳು ತೇಲುತ್ತವೆ. ಅವು ನೀಲಿ ಬೆಳಕನ್ನು ಚೆದರಿಸುತ್ತವೆ. ಅಂಚಿನ ಜೊಂಡಿನ ಬುಡದಲ್ಲಿ ಕಬ್ಬಿಣದ ತುಕ್ಕು ಕೂತು ಕೆಂಪಾಗಿದೆ. ಒಂದೇ ಕೊಳದಲ್ಲಿ ಹಾಲು ಬೆರೆಸಿದಂಥ ತಿಳಿನೀಲಿ, ನಡುವೆ ಪಚ್ಚೆ, ದಡದಲ್ಲಿ ಇಟ್ಟಿಗೆ ಕೆಂಪು. ಅದರ ಮೇಲೆ ಆ ವಾರದ ಮೇಪಲ್ ಎಲೆಗಳು. ನೀರಿನೊಳಗೆ ಮೊದಲು ಕಳೆದುಹೋಗುವುದು ಕೆಂಪು, ಆಳಕ್ಕೆ ಇಳಿಯುವುದು ನೀಲಿ. ನನ್ನ ಕೈಯಲ್ಲಿದ್ದ ಸಿಲಿಕಾನ್ ತುಣುಕಿನಲ್ಲಿ ಇದು ತಲೆಕೆಳಗು. ಹೀಗೆ ಎರಡು ಬಗೆಯ ಆಳಗಳು ಎದುರುಬದುರಾಗಿ ಕೂತಿವೆ ಎಂಬ ಅರಿವು ನನಗೆ ಕೊಟ್ಟ ಖುಷಿ ಹೇಳತೀರದು.

ಬಿಶಾಮೊನ್ ದಡದಲ್ಲಿ ನಿಂತರೆ ಎದುರಿಗೆ ಬಂದಾಯ್‌ನ ಒಡಕು ಮುಖ ಕಾಣುತ್ತದೆ. ಅಲ್ಲಿ ಎಲ್ಲರೂ ಬೇಲಿಯ ಹತ್ತಿರ ನಿಂತು ಬೆಟ್ಟವನ್ನು ಎಳೆದು ದೊಡ್ಡದು ಮಾಡಿಕೊಳ್ಳುತ್ತಿದ್ದರು. ನನಗೆ ಆ ದಾರಿ ಇರಲಿಲ್ಲ. ನೀರಿನ ಅಂಚಿಗೆ ಇಳಿದು ಕುಕ್ಕರಗಾಲಿನಲ್ಲಿ ಕೂತೆ. ಈ ಮಸೂರ ಹದಿನೆಂಟು ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ತುಕ್ಕು ಹಿಡಿದ ಒಂದು ಕಲ್ಲು ಅರ್ಧ ನೀರಿನಲ್ಲಿ, ಅರ್ಧ ಹೊರಗೆ ಇತ್ತು. ಅದು ಚೌಕಟ್ಟಿನ ಕೆಳಭಾಗ ತುಂಬಿಕೊಂಡಿತು. ಅದರಾಚೆ ನೀಲಿ ನೀರು, ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ಒಂದು ಜೋಡಿ, ಅಂಗೈ ಅಗಲದ ಬೆಟ್ಟ. ಆ ಕಲ್ಲು ಬೆಟ್ಟದ್ದೇ. 1888ರಲ್ಲಿ ಮೇಲಿನಿಂದ ಉರುಳಿ ಬಂದು ಇಲ್ಲಿ ನಿಂತದ್ದು. ಕಲ್ಲೂ ಅದು ಬಿಟ್ಟುಬಂದ ಜಾಗವೂ ಒಂದೇ ಚೌಕಟ್ಟಿನಲ್ಲಿ ಕೂತಾಗ, ನೂರಾರು ಜನ ಸತ್ತ ಆ ಬೆಳಗು ನನಗೆ ಮೊದಲ ಸಲ ನಿಜ ಅನ್ನಿಸಿತು. ಬೆಟ್ಟವನ್ನು ಎಳೆದು ದೊಡ್ಡದು ಮಾಡಿಕೊಂಡಿದ್ದರೆ ಸುಂದರವಾದ ಒಂದು ಬೆಟ್ಟ ಸಿಗುತ್ತಿತ್ತು, ಅಷ್ಟೆ.

ಆ ಸ್ಫೋಟದ ನಂತರ ಇಲ್ಲಿಗೆ ಕ್ಯಾಮೆರಾ ಹೊತ್ತು ಬಂದವರಲ್ಲಿ ವಿಲಿಯಂ ಬರ್ಟನ್ ಒಬ್ಬರು. ಸ್ಕಾಟ್ಲೆಂಡಿನವರು, ಟೋಕಿಯೊದ ವಿಶ್ವವಿದ್ಯಾಲಯದಲ್ಲಿ ನೀರು ಪೂರೈಕೆ, ಒಳಚರಂಡಿಯ ಎಂಜಿನಿಯರಿಂಗ್ ಕಲಿಸುತ್ತಿದ್ದ ಪ್ರೊಫೆಸರ್. ಗಾಜಿನ ಫಲಕದ ಛಾಯಾಗ್ರಹಣದಲ್ಲಿ ಪಳಗಿದ ಕೈ. ಬೋಳಾದ ಕುಳಿ, ಕೊಚ್ಚಿಹೋದ ಮರಗಳು, ಕೆಸರಿನಲ್ಲಿ ಹೂತ ಮನೆಗಳನ್ನು ಅವರು ತೆಗೆದಿಟ್ಟರು. ಈಗ ಅಲ್ಲೆಲ್ಲ ಕಾಡು ಬೆಳೆದಿದೆ. ಅವರ ಚಿತ್ರಗಳನ್ನು ನೋಡಿಕೊಂಡು ಬಂದವನಿಗೆ ಈ ಕಾಡಿನ ಪ್ರತಿ ಪೈನ್ ಮರವೂ ಹೊಸಬನಂತೆ ಕಾಣುತ್ತದೆ.

ಅಲ್ಲಿಂದ ಐಜುವಕಾಮತ್ಸುಗೆ. ಆ ಪಟ್ಟಣದ ಅಂಚಿನಲ್ಲಿ ಈಮೊರಿ ಎಂಬ ಗುಡ್ಡ. ಅದರ ಇಳಿಜಾರಿನಲ್ಲಿ, ಮರಗಳ ನಡುವೆ, ಜಗತ್ತಿನಲ್ಲಿ ಇಂಥದ್ದು ಇನ್ನೊಂದಿದೆ ಎಂದು ನಂಬಲಾಗದ ಒಂದು ಮರದ ಗುಡಿ ಇದೆ. ಸಜಾಯೆದೊ, ಅಂದರೆ ಶಂಖದ ಗುಡಿ. ಇಕುದೊ ಎಂಬ ಬೌದ್ಧ ಭಿಕ್ಷುವಿನ ಕಲ್ಪನೆಯಂತೆ 1796ರಲ್ಲಿ ಕಟ್ಟಿದ್ದು. ಆರು ಮೂಲೆ, ಮೂರು ಅಂತಸ್ತು, ಹದಿನಾರೂವರೆ ಮೀಟರ್ ಎತ್ತರ. ಒಳಗೆ ಮೆಟ್ಟಿಲೇ ಇಲ್ಲ. ಬಲಕ್ಕೆ ತಿರುಗುತ್ತ ಮೇಲೇರುವ ಒಂದು ಇಳಿಜಾರು ಹಲಗೆ, ಎಡಕ್ಕೆ ತಿರುಗುತ್ತ ಕೆಳಗಿಳಿಯುವ ಇನ್ನೊಂದು. ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ, ಎಲ್ಲೂ ಕೂಡುವುದಿಲ್ಲ. ತುದಿಯಲ್ಲಿ ಬಾಗಿದ ಒಂದು ಪುಟ್ಟ ಸೇತುವೆ ಮಾತ್ರ ಹತ್ತಿದವನನ್ನು ಇಳಿಯುವ ದಾರಿಗೆ ದಾಟಿಸುತ್ತದೆ. ಹತ್ತುವವರಿಗೆ ಇಳಿಯುವವರು ಎದುರಾಗುವ ಮಾತೇ ಇಲ್ಲ.

ಹತ್ತುವ ದಾರಿ ಒಂದೂವರೆ ಸುತ್ತು, ಇಳಿಯುವುದು ಒಂದೂವರೆ ಸುತ್ತು, ಒಟ್ಟು ಮೂರು. ಹತ್ತುವಾಗ ದೇಹ ತಾನಾಗಿ ಪ್ರದಕ್ಷಿಣೆಯ ದಿಕ್ಕಿಗೆ ತಿರುಗುತ್ತಿತ್ತು. ಹಿಂದೆ ಈ ದಾರಿಯುದ್ದಕ್ಕೂ ಮೂವತ್ಮೂರು ಕಾನ್ನೊನ್ ಮೂರ್ತಿಗಳಿದ್ದವಂತೆ. ಪಶ್ಚಿಮ ಜಪಾನಿನ ಮೂವತ್ಮೂರು ಕ್ಷೇತ್ರಗಳಿಗೆ ಕಾಲ್ನಡಿಗೆಯಲ್ಲಿ ಹೋಗಲಾಗದ ಬಡ ರೈತ ಈ ಗುಡಿಯನ್ನು ಒಮ್ಮೆ ಹತ್ತಿ ಇಳಿದರೆ ಯಾತ್ರೆಯ ಪುಣ್ಯ. ಮೇಯ್ಜಿ ಕಾಲದಲ್ಲಿ ಬೌದ್ಧ, ಶಿಂತೊ ಬೇರೆ ಮಾಡಿದಾಗ ಮೂರ್ತಿಗಳನ್ನು ತೆಗೆದರು. ಕಾನ್ನೊನ್ ನಮಗೆ ಅಪರಿಚಿತ ಅಲ್ಲ. ಅವಲೋಕಿತೇಶ್ವರನೇ ಇಲ್ಲಿ ಕಾನ್ನೊನ್. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಕ್ರಿ.ಶ. 968ರ ಶಾಸನ ಹೊತ್ತ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನನ್ನು ಕಂಡವರು ಆ ಮೂರ್ತಿಗಳಿದ್ದ ಜಾಗಗಳ ಮುಂದೆ ನಿಂತರೆ ಯಾರು ಎದ್ದು ಹೋದರೆಂದು ಊಹಿಸಿಕೊಳ್ಳಬಲ್ಲರು.

ಇಲ್ಲಿ ಕ್ಯಾಮೆರಾದ ಗುಣ ತೋರಿತು. ಹೊರಗೆ ಹಿಂದೆ ಸರಿಯಲು ಜಾಗವಿಲ್ಲ. ಮರಗಳು, ಗುಡ್ಡದ ಏರು. ಕಟ್ಟಡ ಪೂರ್ತಿ ಬರಲೆಂದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದರೆ ಗುಡಿ ಹಿಂದಕ್ಕೆ ಮಗುಚಿ ಬೀಳುವಂತೆ ಕಾಣುತ್ತದೆ. ನಾನು ಕ್ಯಾಮೆರಾದ ತಲೆಯ ಮೇಲೆ ಗಾರೆ ಕೆಲಸದವರ ರಸಮಟ್ಟದ ಚಿಕ್ಕ ತುಣುಕೊಂದನ್ನು ಸಿಕ್ಕಿಸಿಕೊಂಡಿದ್ದೆ. ಗುಳ್ಳೆ ನಡುಗೆರೆಗೆ ಬರುವವರೆಗೆ ಕೈ ಆಡಿಸುತ್ತ, ಇಳಿಜಾರಿನಲ್ಲಿ ಸ್ವಲ್ಪ ಮೇಲೇರಿ, ಕ್ಯಾಮೆರಾ ಉದ್ದುದ್ದ ಹಿಡಿದು ಒತ್ತಿದೆ. ಕಂಬಗಳು ತೂಗುಗುಂಡು ಬಿಟ್ಟಂತೆ ನೆಟ್ಟಗೆ ನಿಂತವು. ಹಾಗೆ ನಿಂತ ಮೇಲೇ ಈ ಗುಡಿಯ ವಿಚಿತ್ರ ಕಣ್ಣಿಗೆ ಬಿತ್ತು. ಕಂಬ ಬಿಟ್ಟರೆ ಇಲ್ಲಿ ಯಾವುದೂ ನೆಟ್ಟಗಿಲ್ಲ. ಕಿಟಕಿಗಳು ಓರೆ, ಸೂರಿನ ಪಟ್ಟಿ ಓರೆ, ಹಲಗೆಗಳು ಓರೆ. ಒಳಗಿನ ದಾರಿ ಹೊರಗಿನ ಗೋಡೆಯ ಮೇಲೆ ತನ್ನ ಏರಿಳಿತವನ್ನು ಬರೆದಿಟ್ಟಿದೆ. ಲಂಬ ಗೆರೆಗಳು ನಿಖರವಾಗಿದ್ದರಿಂದ ಓರೆ ಗೆರೆಗಳು ಬಡಗಿಯ ಉದ್ದೇಶ ಎಂದು ತಿಳಿಯಿತು; ಇಲ್ಲದಿದ್ದರೆ ಮಸೂರದ ದೋಷ ಎಂದುಕೊಳ್ಳುತ್ತಿದ್ದೆವು.

ಒಳಗೆ ಮಂದ ಬೆಳಕು. ಜಾರದಿರಲೆಂದು ನೆಲಕ್ಕೆ ಅಡ್ಡಪಟ್ಟಿ ಹೊಡೆದಿದ್ದಾರೆ, ಲಕ್ಷಾಂತರ ಹೆಜ್ಜೆಗಳಿಗೆ ಅವು ಸವೆದು ನುಣುಪಾಗಿವೆ. ಚಾವಣಿಯ ತುಂಬ ಯಾತ್ರಿಕರು ತಮ್ಮ ಹೆಸರು ಬರೆದು ಅಂಟಿಸಿದ ಹಳೆಯ ಚೀಟಿಗಳು. ಈ ಸಂವೇದಕಕ್ಕೆ ಕತ್ತಲು ಆಗದು. ಐಎಸ್‌ಒ ನಾನೂರು ದಾಟಿಸಿದರೆ ಬಣ್ಣ ಕಲಕಿಹೋಗುತ್ತದೆ. ಕಂಬಕ್ಕೆ ಭುಜ ಒತ್ತಿ, ಉಸಿರು ಬಿಗಿಹಿಡಿದು, ಕಿಟಕಿಯಿಂದ ಬಂದ ಬೆಳಕು ಅಡ್ಡಪಟ್ಟಿಗಳ ಅಂಚು ಮುಟ್ಟುವವರೆಗೆ ಕಾದೆ. ಷಟರ್ ಸದ್ದೇ ಇಲ್ಲದಷ್ಟು ಮೃದು. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು, ನಾನು ದಾರಿ ಬಿಡಲೆಂದು ಗೋಡೆಗೆ ಅಂಟಿಕೊಂಡಾಗ, ಪರವಾಗಿಲ್ಲ ತೆಗಿ ಎಂಬಂತೆ ಕೈಸನ್ನೆ ಮಾಡಿ ಅಲ್ಲೇ ನಿಂತು ಕಾದರು. ತಂಗಿ ಅವರಿಗೆ ಜಪಾನಿಯಲ್ಲಿ ಏನೋ ಹೇಳಿದಳು. ಆ ಅಜ್ಜಿ ಚಿಕ್ಕಂದಿನಿಂದ ಇಲ್ಲಿ ಹತ್ತುತ್ತಿದ್ದಾರಂತೆ. ಇಳಿಯುವ ದಾರಿ ಈಗೀಗ ಕಡಿದಾಗಿದೆ ಅನ್ನಿಸುತ್ತದಂತೆ.

ಅದೇ ಗುಡ್ಡದ ಮೇಲೆ ಹತ್ತೊಂಬತ್ತು ಹುಡುಗರ ಸಮಾಧಿಗಳಿವೆ. 1868ರ ಅಂತರ್ಯುದ್ಧದಲ್ಲಿ ಐಜು ಪ್ರಾಂತ್ಯ ಶೋಗನ್ ಪಕ್ಷದಲ್ಲಿ ನಿಂತು ಹೊಸ ಸರ್ಕಾರದ ಸೇನೆಯೊಡನೆ ಕಾದಾಡಿತು. ಹದಿನಾರು ಹದಿನೇಳು ವರ್ಷದ ಸಮುರಾಯ್ ಮಕ್ಕಳ ದಳ ಬ್ಯಾಕ್ಕೊತಾಯ್. ಅದರ ಇಪ್ಪತ್ತು ಮಂದಿ ಸೋತು ಈ ಗುಡ್ಡ ಹತ್ತಿದರು. ಪಟ್ಟಣದ ಮೇಲೆ ಹೊಗೆ ಕಂಡು ಕೋಟೆ ಬಿದ್ದಿತೆಂದು ತಿಳಿದು ತಮ್ಮ ಕತ್ತಿಗೆ ತಾವೇ ಬಲಿಯಾದರು. ಒಬ್ಬ ಬದುಕುಳಿದ. ಕೋಟೆ ಬಿದ್ದಿರಲಿಲ್ಲ, ಇನ್ನೂ ಒಂದು ತಿಂಗಳು ಮುತ್ತಿಗೆ ತಡೆದುಕೊಂಡಿತು.

ಅವರು ನೋಡಿದ ಕಡೆಗೇ ನಾನೂ ನೋಡಿದೆ. ಮನೆಗಳ ಸಮುದ್ರದಲ್ಲಿ ಮೂರು ಕಿಲೊಮೀಟರ್ ಆಚೆ ಕೋಟೆ ಒಂದು ಬಿಳಿ ಚುಕ್ಕಿ. ಅಲ್ಲಿ ಬಂದವರೆಲ್ಲ ಮೊಬೈಲಿನಲ್ಲಿ ಆ ಚುಕ್ಕಿಯನ್ನು ಹಿಗ್ಗಿಸಿ ಹುಡುಕುತ್ತಾರೆ. ನನ್ನ ಪರದೆಯಲ್ಲಿ ಅದು ಇನ್ನೂ ಕಿರಿದಾಯಿತು. ಮುಂದೆ ಅಗರಬತ್ತಿಯ ಹೊಗೆ, ಕೊಂಬೆಗಳು, ದೊಡ್ಡ ಆಕಾಶ. ಆ ಮಕ್ಕಳಿಗೆ ಕಂಡದ್ದು ಇಷ್ಟೇ. ಈ ಜಾಗದಲ್ಲಿ ಜೂಮ್ ಹಾಕಿ ತೆಗೆದ ಚಿತ್ರ ಅವರ ಪಾಲಿಗೆ ಅನ್ಯಾಯ ಎಂದು ನಾನು ದೃಢವಾಗಿ ನಂಬುತ್ತೇನೆ. ಮೂರು ಕಿಲೊಮೀಟರ್ ಎಂದರೆ ಎಷ್ಟು ದೂರ, ಹೊಗೆಯಲ್ಲಿ ಎಷ್ಟು ಕಡಿಮೆ ಕಾಣುತ್ತದೆ ಎಂಬುದೇ ಇಲ್ಲಿಯ ಕಥೆ.

ಆ ಕೋಟೆಯ, ಅಂದರೆ ತ್ಸುರುಗಾ ಕೋಟೆಯ, ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿರುವುದು 1965ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. 2011ರಲ್ಲಿ ಹೆಂಚುಗಳನ್ನು ಹಳೆಯ ಕೆಂಪು ಬಣ್ಣಕ್ಕೆ ಮರಳಿಸಿದರು. ಆದರೆ ಒಂದು ಹಳೆಯ ಫೋಟೊ ಮರೆಯುವಂತಿಲ್ಲ: ಯುದ್ಧ ಮುಗಿದ ಮೇಲೆ ಫಿರಂಗಿ ಗುಂಡುಗಳಿಂದ ಜರ್ಜರಿತವಾದ ಗೋಡೆಗಳೊಡನೆ ನಿಂತ ಅಸಲು ಕೋಟೆ. 1874ರಲ್ಲಿ ಅದನ್ನು ಕೆಡವಿದರು. ಆ ಫೋಟೊದಲ್ಲಿ ಗೋಡೆಯ ಎತ್ತರ, ಸೂರಿನ ಓರೆ, ಅಂತಸ್ತುಗಳ ಅಳತೆ ಎಲ್ಲ ಉಳಿದಿದೆ. ಕಟ್ಟಡದ ಚಿತ್ರದಲ್ಲಿ ಗೆರೆ ನೆಟ್ಟಗಿರಬೇಕೆಂಬ ಹಟ ಬರಿ ಸೌಂದರ್ಯದ್ದಲ್ಲ. ಮುಂದೊಂದು ದಿನ ಯಾರೋ ಬಡಗಿ ಅದನ್ನು ನೋಡಿ ಅಳತೆ ಹಿಡಿಯಬೇಕಾಗಬಹುದು.

ಕೊನೆಗೆ ಓವುಚಿ ಜುಕು. ಯುನೊಕಾಮಿ ಒನ್ಸೆನ್ ಎಂಬ, ತಾನೂ ಹುಲ್ಲಿನ ಮಾಡು ಹೊದ್ದ ರೈಲು ನಿಲ್ದಾಣದಲ್ಲಿ ಇಳಿದು ಬೆಟ್ಟದೊಳಗೆ ಹೋಗಬೇಕು. ಹಿಂದಿನ ಕಾಲದ ಹೆದ್ದಾರಿಯ ತಂಗುದಾಣ. ನಾನೂರೈವತ್ತು ಮೀಟರ್ ಮಣ್ಣಿನ ಬೀದಿ, ಎರಡೂ ಕಡೆ ಸಾಲಾಗಿ ದಪ್ಪ ಹುಲ್ಲು ಮಾಡಿನ ಮನೆಗಳು, ಬದಿಯಲ್ಲಿ ಹರಿಯುವ ಕಾಲುವೆ. 1981ರಿಂದ ಇಡೀ ಊರಿಗೆ ಸಂರಕ್ಷಣೆ. ಬೀದಿಯ ತುದಿಯ ಮೆಟ್ಟಿಲು ಹತ್ತಿದರೆ ಕಾನ್ನೊನ್ ಗುಡಿ. ಅಲ್ಲಿಂದ ತೆಗೆದ ಚಿತ್ರವೇ ಎಲ್ಲ ಕ್ಯಾಲೆಂಡರುಗಳಲ್ಲಿ ಇರುವುದು. ನಾವು ಹತ್ತಿ, ನೋಡಿ, ಇಳಿದೆವು. ಊಟಕ್ಕೆ ಸೋಬಾ; ಚಾಪ್‌ಸ್ಟಿಕ್ ಬದಲು ಒಂದು ಇಡೀ ಉದ್ದ ಈರುಳ್ಳಿ ಗಿಡ ಕೊಡುತ್ತಾರೆ, ಅದರಲ್ಲೇ ನೂಡಲ್ ಎತ್ತಿ, ನಡುನಡುವೆ ಅದನ್ನೇ ಕಚ್ಚಿಕೊಳ್ಳಬೇಕು. ತಂಗಿ ಲೀಲಾಜಾಲವಾಗಿ ಮುಗಿಸಿದಳು.

ಬೀದಿಯ ಮಧ್ಯದ ಒಂದು ಮನೆಗೆ ಅಟ್ಟಣಿಗೆ ಕಟ್ಟಿತ್ತು. ಮಾಡಿನ ಒಂದು ಮಗ್ಗುಲು ಕಿತ್ತು ಹೊಸ ಹುಲ್ಲು ಹೊದಿಸುತ್ತಿದ್ದರು. ಈ ಊರಿನವರು ಮಾಡು ಕಟ್ಟುವ ಕೆಲಸವನ್ನು ತಾವೇ ಕಲಿತು ಉಳಿಸಿಕೊಂಡಿದ್ದಾರೆ. ಹಿರಿಯರೊಬ್ಬರು ಉದ್ದ ಕತ್ತರಿಯಿಂದ ಸೂರಿನ ಅಂಚು ಸವರುತ್ತಿದ್ದರು. ತಂಗಿ ಕೇಳಿದಳು, ಅವರು ತಲೆಯಾಡಿಸಿ ಬುಡಕ್ಕೇ ಬರಲು ಹೇಳಿದರು. ಸೂರಿನ ಕೆಳಗೆ ನಿಂತೆ. ಮುಖಕ್ಕೆ ಎರಡು ಮೊಳ ದೂರದಲ್ಲಿ ಕಡಿದ ಹುಲ್ಲಿನ ತುದಿಗಳು, ಸಾವಿರಾರು ಕೊಳವೆಗಳು, ಒಂದೊಂದರ ಬಾಯೂ ಬೇರೆ ಬೇರೆ ಕಂದು. ಇಂಥ ಸೂಕ್ಷ್ಮ ಗೀರುಗಳ ಮೇಲೆ ಬೇರೆ ಕ್ಯಾಮೆರಾಗಳು ಕೆಲವೊಮ್ಮೆ ಇಲ್ಲದ ಬಣ್ಣದ ಅಲೆಗಳನ್ನು ಮೂಡಿಸುತ್ತವೆ. ಒಂದೇ ಜಾಗದಲ್ಲಿ ಮೂರೂ ಬಣ್ಣ ಅಳೆಯುವ ಫೋವಿಯಾನ್‌ಗೆ ಆ ಕಾಟವಿಲ್ಲ. ಚೌಕಟ್ಟಿನ ಮೇಲಂಚಿಗೆ ಹುಲ್ಲು, ಬಲಕ್ಕೆ ಕತ್ತರಿ ಹಿಡಿದ ಕೈ, ಅದರಡಿಯಲ್ಲಿ ಬೀದಿ ಪೂರ್ತಿ, ಕಾಲುವೆ, ಎದುರು ಸಾಲಿನ ಮಾಡುಗಳು, ಹಿಂದೆ ಕೆಂಪೇರಿದ ಬೆಟ್ಟ. ಒಂದು ಹೆಜ್ಜೆ ಹಿಂದೆ ಸರಿದರೆ ಕೈ ಕಳೆದುಹೋಗುತ್ತಿತ್ತು, ಮುಂದೆ ಹೋದರೆ ಬೀದಿ.

ಗುಳ್ಳೆ ನಡುಗೆರೆಗೆ ಬಂತು, ಒತ್ತಿದೆ. ಕಾರ್ಡಿಗೆ ಇಳಿಯುವಷ್ಟು ಹೊತ್ತು ಹಿರಿಯರು ಕತ್ತರಿ ನಿಲ್ಲಿಸಿ ಪರದೆ ನೋಡಲು ಬಗ್ಗಿದರು. ಕ್ಯಾಮೆರಾ ಬಂದಾಯ್‌ಮಾಚಿಯಲ್ಲಿ ಹುಟ್ಟಿದ್ದು ಎಂದು ತಂಗಿ ಹೇಳಿದಾಗ ಅವರು ಅಟ್ಟಣಿಗೆಯ ಮೇಲಿದ್ದವನನ್ನು ಕರೆದು ತೋರಿಸಿದರು. ಆತ ಇಳಿದು ಬಂದು, ಕೈ ಒರೆಸಿಕೊಂಡು, ಮಸೂರದ ಸುತ್ತಲಿನ ಉಂಗುರವನ್ನು ತಿರುಗಿಸಿ ನೋಡಿದ. ಆಮೇಲೆ ಎದುರು ಸಾಲಿನ ಮೂರನೆಯ ಮನೆಯತ್ತ ಬೆರಳು ಮಾಡಿದ. ಅಲ್ಲಿ ಒಳಗಿನಿಂದ ಮಾಡು ನೋಡಬಹುದಂತೆ, ಒಲೆಯ ಹೊಗೆಗೆ ಕಪ್ಪಾದ ತೊಲೆಗಳಿವೆಯಂತೆ, ಯಾರೂ ಬೇಡ ಅನ್ನುವುದಿಲ್ಲವಂತೆ. ಬ್ಯಾಟರಿ ಮುಗಿಯುತ್ತ ಬಂದಿತ್ತು. ಎರಡನೆಯದನ್ನು ಹಾಕಿಕೊಂಡು ಬೀದಿ ದಾಟಿದೆವು.